ಕಸದಕ್ಕನ ಟಪಾಲು: ವಾಪಸ್ ತರೋ ಕೂಲಿ ಯಾರದು?

ಈ ತಿಂಗಳು ಟಪಾಲು ಚೀಲ ದಪ್ಪಗೇ ಬಂದಿದೆ. ಕಳೆದ ಸಂಚಿಕೆಯಲ್ಲಿ ‘ಸರ್ಕ್ಯುಲರ್ ಎಕಾನಮಿ’ ಅಂತ ಒಂದು ಮಾತು ಬರೆದು, ವಿವರಿಸದೆ ಮುಂದೆ ಹೋಗಿಬಿಟ್ಟಿದ್ದೆ. ಅದಕ್ಕೆ ಸರಿಯಾಗಿ ತಗಲಿಕೊಂಡಿದ್ದೇನೆ. ಹತ್ತರಲ್ಲಿ ಎಂಟು ಪತ್ರ ಅದರ ಬಗ್ಗೆಯೇ.

ಹೊಸ ಓದುಗರಿಗೆ ನನ್ನ ಪರಿಚಯ: ಕೋಲಾರ ಜಿಲ್ಲೆಯ ಊರುಗಳಲ್ಲಿ 31 ವರ್ಷ ಆರೋಗ್ಯ ನಿರೀಕ್ಷಕಿಯಾಗಿದ್ದೆ. ಬೆಳಿಗ್ಗೆ ಐದೂವರೆಗೆ ಪೌರಕಾರ್ಮಿಕರ ಹಾಜರಿ, ಆಮೇಲೆ ಕಾಫಿ. ‘ಕಸದಕ್ಕ’ ಅನ್ನೋ ಹೆಸರು ಅವರೇ ಇಟ್ಟಿದ್ದು. ಮೊದಮೊದಲು ಬೇಜಾರಾಗುತ್ತಿತ್ತು. ಈಗ ಅದೇ ಅಂಕಣದ ಹೆಸರು.

ಕೆಎಎಸ್ ಪರೀಕ್ಷೆಗೆ ಓದುತ್ತಿದ್ದೇನೆ. ಸರ್ಕ್ಯುಲರ್ ಎಕಾನಮಿ ಅಂದರೆ ಸರಳವಾಗಿ ಏನು? ಇದರ ನೀತಿ ರೂಪಿಸಿದ ಮಂತ್ರಿಗಳು, ಅಧಿಕಾರಿಗಳು ಯಾರು? ಪುಸ್ತಕದಲ್ಲಿ ಬರೀ ಯುರೋಪಿನ ಹೆಸರುಗಳಿವೆ.
ವಿದ್ಯಾರ್ಥಿನಿ, ಕೋಲಾರ

ತೆಗೆ, ಮಾಡು, ಬಳಸು, ಬಿಸಾಡು. ಇದು ಈಗಿನ ದಾರಿ. ಬಿಸಾಡಿದ್ದು ಮತ್ತೆ ಕಚ್ಚಾ ಮಾಲಾಗಿ ವಾಪಸ್ ಬರಬೇಕು ಅನ್ನೋದು ಸರ್ಕ್ಯುಲರ್. ಹಿತ್ತಲಲ್ಲಿ ತಿಪ್ಪೆಗುಂಡಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಳೆಯದ ಸಾಮಾನು ತಿಪ್ಪೆಗೆ ಬಂದ ಮೇಲೆ ಶುರುವಾದ ತಲೆನೋವು ಇದು.

ಯುರೋಪಿನ ಹೆಸರುಗಳು ಸುಮ್ನೆ ಬಂದಿಲ್ಲ. ಯುರೋಪಿಯನ್ ಒಕ್ಕೂಟಕ್ಕೆ ಸರ್ಕಾರದಂತಿರೋದು ಅಲ್ಲಿನ ಆಯೋಗ, ಅದರ ಆಯುಕ್ತರು ಅಂದರೆ ನಮ್ಮ ಮಂತ್ರಿಗಳ ಹಾಗೆ. 2010ರಿಂದ 2014ರವರೆಗೆ ಅಲ್ಲಿ ಪರಿಸರ ಆಯುಕ್ತರಾಗಿದ್ದವರು ಸ್ಲೊವೇನಿಯಾದ ಯಾನೆಜ್ ಪೊಟೊಚ್ನಿಕ್. ಅವರ ಅವಧಿಯ ಕೊನೆಯಲ್ಲಿ, 2014ರ ಜುಲೈನಲ್ಲಿ, ಕಸದ ಕಾನೂನುಗಳ ಒಂದು ಕಟ್ಟು ಮಂಡನೆಯಾಯಿತು. ಮುಂದಿನ ಆಯೋಗ ಬಂದ ಕೂಡಲೇ ಅದನ್ನು ವಾಪಸ್ ಪಡೆಯಿತು! ದೊಡ್ಡ ಗಲಾಟೆಯಾಯಿತು. ಆಮೇಲೆ ಫ್ರಾನ್ಸ್ ಟಿಮ್ಮರ್‌ಮನ್ಸ್ ಉಪಾಧ್ಯಕ್ಷರಾಗಿದ್ದಾಗ, 2015ರ ಡಿಸೆಂಬರ್‌ನಲ್ಲಿ, ಮೊದಲ ಕ್ರಿಯಾಯೋಜನೆ ಬಂತು. ಎರಡನೆಯದು 2020ರ ಮಾರ್ಚ್‌ನಲ್ಲಿ. 2024ರ ಡಿಸೆಂಬರ್‌ನಿಂದ ಪರಿಸರ ಆಯುಕ್ತರ ಕುರ್ಚಿಯಲ್ಲಿ ಕೂತಿರುವವರು ಸ್ವೀಡನ್ನಿನ ಯೆಸ್ಸಿಕಾ ರೋಸ್‌ವಾಲ್. ಅವರ ಹುದ್ದೆಯ ಹೆಸರಿನಲ್ಲೇ ಸರ್ಕ್ಯುಲರ್ ಎಕಾನಮಿ ಸೇರಿದೆ. ಪರೀಕ್ಷೆಗೆ ಇದನ್ನು ಗುರುತು ಹಾಕಿಕೊಳ್ಳಿ.

ಯುರೋಪೇ ಮೊದಲು ಅಂತ ಮಾತ್ರ ಬರೆಯಬೇಡಿ. ಜಪಾನ್ 2000ದಲ್ಲೇ ಮೂಲ ಕಾಯ್ದೆ ತಂದಿತ್ತು. ಚೀನಾ 2008ರಲ್ಲಿ ಕಾನೂನು ಮಾಡಿತು. ನಮ್ಮಲ್ಲಿ ನೀತಿ ಆಯೋಗ 2021ರಲ್ಲಿ ಒಂದೊಂದು ಬಗೆಯ ತ್ಯಾಜ್ಯಕ್ಕೆ ಒಂದೊಂದರಂತೆ 11 ಸಮಿತಿ ಮಾಡಿಸಿತು. ಕೇಂದ್ರದಲ್ಲಿ ಭೂಪೇಂದರ್ ಯಾದವ್ 2021ರ ಜುಲೈನಲ್ಲಿ ಪರಿಸರ ಮಂತ್ರಿಯಾದ ಮೇಲೆ ಪ್ಲಾಸ್ಟಿಕ್, ಬ್ಯಾಟರಿ, ಇ-ತ್ಯಾಜ್ಯದ ನಿಯಮಗಳು ಒಂದರ ಹಿಂದೊಂದು ಬಂದವು. ಮೂರಕ್ಕೂ ತಿರುಳು ಒಂದೇ: ತಯಾರಿಸಿದವನೇ ವಾಪಸ್ ತರಿಸಬೇಕು. ಇಂಗ್ಲಿಷಿನಲ್ಲಿ ಇಪಿಆರ್ ಅಂತಾರೆ. ‘ಉತ್ಪಾದಕರ ವಿಸ್ತೃತ ಹೊಣೆ’ ಅಂತ ಪುಸ್ತಕದಲ್ಲಿ ಇರುತ್ತದೆ.

ಇನ್ನೊಂದು ಹೆಸರು ನಾನೇ ಸೇರಿಸುತ್ತೇನೆ. ಆಕೆ ಅಧಿಕಾರಿ ಅಲ್ಲ. ಬೆಂಗಳೂರಿನ ಎಂಜಿನಿಯರ್ ಅಲ್ಮಿತ್ರಾ ಪಟೇಲ್. 1996ರಲ್ಲಿ ಕಸದ ವಿಷಯ ಹಿಡಿದು ಸುಪ್ರೀಂ ಕೋರ್ಟಿಗೆ ಹೋದರು. ನಗರ ಕಸಕ್ಕೆ ದೇಶದಲ್ಲಿ ಮೊದಲ ನಿಯಮ ಬಂದಿದ್ದು 2000ದಲ್ಲಿ, ಆ ಕೇಸಿನ ಒತ್ತಡದಿಂದ. ಅಲ್ಲಿಯವರೆಗೆ ನಮ್ಮ ಕೆಲಸ ಊರೊಳಗಿಂದ ಎತ್ತಿ ಊರಾಚೆ ಸುರಿಯೋದು, ಅಷ್ಟೇ.

ಇನ್ನು ಕರ್ನಾಟಕ. ಇಲ್ಲಿ ಹೆಸರು ಕಲಿಯೋದಕ್ಕಿಂತ ಇಲಾಖೆ ಕಲಿಯೋದು ಮುಖ್ಯ. ಪರಿಸರ ಇಲಾಖೆಗೆ 2023ರಲ್ಲಿ ಈಶ್ವರ ಖಂಡ್ರೆ ಮಂತ್ರಿಯಾದರು. ಆದರೆ ಪಟ್ಟಣದ ಕಸ ಪೌರಾಡಳಿತಕ್ಕೆ ಸೇರಿದ್ದು. ಹಳ್ಳಿ ಕಸ ಗ್ರಾಮೀಣಾಭಿವೃದ್ಧಿಗೆ. ಹೊಲದ ಪ್ಲಾಸ್ಟಿಕ್ ತೋಟಗಾರಿಕೆಗೆ. ಕೆರೆಗೆ ಬರುವ ಸಂಸ್ಕರಿಸಿದ ನೀರು ಸಣ್ಣ ನೀರಾವರಿಗೆ. ವಸ್ತು ಸುತ್ತು ಹೊಡೆಯಬೇಕು ಅಂದರೆ ಈ ಐದು ಬಾಗಿಲು ದಾಟಬೇಕು. ಎಷ್ಟೋ ಸಲ ಅದು ಎರಡನೇ ಬಾಗಿಲಲ್ಲೇ ಕೂತುಬಿಡುತ್ತದೆ.

ಹಸಿ, ಒಣ ಬೇರೆ ಮಾಡಿ ಕೊಡ್ತೀವಿ. ಗಾಡಿಯಲ್ಲಿ ಎರಡನ್ನೂ ಒಟ್ಟಿಗೆ ಹಾಕ್ತಾರೆ. ನಾವ್ಯಾಕೆ ಮಾಡಬೇಕು?
ಗೃಹಿಣಿ, ಮುಳಬಾಗಿಲು

ಈ ಪ್ರಶ್ನೆ ಪ್ರತಿ ತಿಂಗಳೂ ಬರುತ್ತದೆ. ನಾನೂ ಪ್ರತಿ ಸಲ ಹಾರಿಸಿಬಿಡುತ್ತಿದ್ದೆ. ಯಾಕೆಂದರೆ ಉತ್ತರದಲ್ಲಿ ನನ್ನ ತಪ್ಪೂ ಇದೆ.

2016ರ ಏಪ್ರಿಲ್‌ನಲ್ಲಿ ಘನತ್ಯಾಜ್ಯದ ಹೊಸ ನಿಯಮ ಬಂತು. ಮನೆಯಲ್ಲೇ ಕಸ ವಿಂಗಡಿಸಬೇಕು ಅಂತಾಯಿತು. ಆಗ ನಾನಿದ್ದ ಪುರಸಭೆಯಲ್ಲಿ (ಹೆಸರು ಬೇಡ, ಅಲ್ಲಿಯವರು ಈಗಲೂ ನನಗೆ ಮದುವೆ ಕಾಗದ ಕಳಿಸ್ತಾರೆ) ಮನೆಗೆ ಎರಡರಂತೆ ಬಕೆಟ್ ಬಂದವು. ಹಸಿರು, ನೀಲಿ. ಒಳ್ಳೇ ಗಟ್ಟಿ ಬಕೆಟ್. ನಾನೇ ನಿಂತು ಹಂಚಿಸಿದೆ. ಪೇಪರಿನಲ್ಲಿ ಫೋಟೋ ಕೂಡ ಬಂತು.

ಎರಡು ವಾರ ಬಿಟ್ಟು ಒಂದು ಬೀದಿಗೆ ಹೋದೆ. ಹಸಿರು ಬಕೆಟ್ಟಿನಲ್ಲಿ ರಾಗಿ ಹಿಟ್ಟು. ನೀಲಿ ಬಕೆಟ್ಟಿನಲ್ಲಿ ಕುಡಿಯೋ ನೀರು, ಮೇಲೆ ಸ್ಟೀಲ್ ತಟ್ಟೆ ಮುಚ್ಚಿದೆ. ನಾನು ಮುಖ ಗಂಟು ಹಾಕಿಕೊಂಡೆ. ಆ ಮನೆಯ ಅಜ್ಜಿ ಹೇಳಿದರು, “ನಮಗೆ ನೀರು ಬರೋದೇ ಎಂಟು ದಿನಕ್ಕೊಂದು ಸಲ ಕಣಮ್ಮಾ. ಇಷ್ಟು ಚೆನ್ನಾಗಿರೋ ಬಕೆಟ್‌ಗೆ ಯಾರಾದ್ರೂ ಕಸ ಹಾಕ್ತಾರಾ?” ನಾನು ಪಕ್ಕದ ಮನೆಗೆ ಹೋದೆ. ಅಲ್ಲಿಯೂ ರಾಗಿ ಹಿಟ್ಟು.

ಅಜ್ಜಿಯದು ತಪ್ಪಲ್ಲ. ತಪ್ಪು ಬೇರೆ ಕಡೆ ಇತ್ತು. ಬಕೆಟ್ಟಿಗೆ ದುಡ್ಡು ಬಂದಿತ್ತು. ಆಟೋದಲ್ಲಿ ಎರಡು ಅಂಕಣ ಮಾಡಿಸೋ ತಗಡಿನ ಅಡ್ಡಗೋಡೆಗೆ ಬಂದಿರಲಿಲ್ಲ. ಡ್ರೈವರಿನ ಜೊತೆ ಒಬ್ಬ ಸಹಾಯಕ ಬೇಕಿತ್ತು. ಆ ಹುದ್ದೆಗೆ ಮಂಜೂರಾತಿ ಇರಲಿಲ್ಲ. ಗಾಡಿ ಎರಡು ಅಂಕಣದ್ದಲ್ಲದ ಮೇಲೆ ಮನೆಯಲ್ಲಿ ಎರಡು ಬಕೆಟ್ ಇದ್ದು ಏನು ಪ್ರಯೋಜನ? ನಾನು ಇದನ್ನು ಬರೆದು ಮೇಲೆ ಕಳಿಸಬೇಕಿತ್ತು. ‘ಶೇ 100 ಬಕೆಟ್ ವಿತರಣೆ ಪೂರ್ಣ’ ಅಂತ ಬರೆದು ಕಳಿಸಿದೆ. ಸುಳ್ಳಂತೂ ಅಲ್ಲ, ಅಲ್ವಾ?

ಅಂದಹಾಗೆ 2024ರ ಡಿಸೆಂಬರ್‌ನಲ್ಲಿ ಕೇಂದ್ರ ಹೊರಡಿಸಿದ ಕರಡು ನಿಯಮದಲ್ಲಿ ಭಾಗ ನಾಲ್ಕಾಯಿತು. ಹಸಿ, ಒಣ, ಸ್ಯಾನಿಟರಿ, ಮತ್ತೆ ಬಲ್ಬು-ಔಷಧಿ-ಪೇಂಟ್ ಡಬ್ಬದಂಥ ವಿಶೇಷ ಕಸ. ಸರಿಯಾದದ್ದೇ. ಡೈಪರನ್ನು ಕೈಯಲ್ಲಿ ಎತ್ತಿ ವಿಂಗಡಿಸಿದ ಪೌರಕಾರ್ಮಿಕ ಹೆಣ್ಣುಮಕ್ಕಳ ಮುಖ ನೋಡಿದವಳು ನಾನು. ಆದರೆ ಗಾಡಿಯಲ್ಲಿ ಅಂಕಣ ಎಷ್ಟು ಅಂತ ಮೊದಲು ಕೇಳಿ.

ನಿಮ್ಮ ಪ್ರಶ್ನೆಗೆ ಉತ್ತರ: ಹಸಿ ಕಸ ಗಾಡಿಗೆ ಕೊಡಲೇಬೇಡಿ. ತೂತು ಮಾಡಿದ ಹಳೇ ಡ್ರಮ್ಮಿನಲ್ಲಿ ಗೊಬ್ಬರ ಮಾಡಿ. ಮೇಲೆ ಒಂದು ಹಿಡಿ ಒಣ ಎಲೆ ಹಾಕುತ್ತಾ ಹೋದರೆ ವಾಸನೆ ಬರಲ್ಲ. ಒಣ ಕಸ ತಿಂಗಳಿಗೊಮ್ಮೆ ಗುಜರಿಯವನಿಗೆ. ಆಗ ಗಾಡಿಯಲ್ಲಿ ಕಲಸೋಕೆ ನಿಮ್ಮದು ಏನೂ ಉಳಿಯಲ್ಲ.

ಕಸದಕ್ಕ, ನಿಮ್ಮ ಮನೆಯಲ್ಲಿ ಪ್ಲಾಸ್ಟಿಕ್ ಇಲ್ಲವೇ ಇಲ್ಲವಾ?
ಹೆಸರಿಲ್ಲ, ಮಾಲೂರು

ಇದೆ. ಹಾಲಿನ ಕವರು ದಿನಕ್ಕೆ ಎರಡು. ತೊಳೆದು ತಂತಿಗೆ ಸಿಕ್ಕಿಸುತ್ತೇನೆ. ಮೊಮ್ಮಗಳು ಅದಕ್ಕೆ ‘ಅಜ್ಜಿಯ ಬಟ್ಟೆ’ ಅಂತಾಳೆ.

ಟೊಮೆಟೊಗೆ ಮಲ್ಚಿಂಗ್ ಪೇಪರ್ ಹಾಸ್ತೀವಿ. ಬೆಳೆ ಮುಗಿದ ಮೇಲೆ ಹರಿದ ಪೇಪರ್ ಗುಜರಿಯವನೂ ತಗೊಳ್ಳಲ್ಲ. ಬದುವಿನಲ್ಲಿ ಗುಡ್ಡೆ ಬಿದ್ದಿದೆ. ಸುಟ್ಟರೆ ತಪ್ಪಾ?
ರೈತ, ಶ್ರೀನಿವಾಸಪುರ

ತಪ್ಪು. ಹೊಗೆ ನಿಮ್ಮ ಎದೆಗೇ ಮೊದಲು ಹೋಗೋದು. ಆದರೆ ಬೈಯಲು ನನಗೆ ಮನಸ್ಸಿಲ್ಲ. ಯಾಕೆ ಹೇಳ್ತೀನಿ.

ಕೋಲಾರ ಎಪಿಎಂಸಿ ಮಾರುಕಟ್ಟೆಗೆ ಹೋದಾಗ ಒಮ್ಮೆ ಟೊಮೆಟೊ ಬಿಟ್ಟು ಕ್ರೇಟು ನೋಡಿ. 15 ಕೆಜಿ ಹಿಡಿಯೋ ಪ್ಲಾಸ್ಟಿಕ್ ಕ್ರೇಟು. ಪಕ್ಕದಲ್ಲಿ ಮಂಡಿಯ ಹೆಸರಿನ ಅಕ್ಷರ ಬರೆದಿರುತ್ತದೆ. ರೈತನ ಹೊಲಕ್ಕೆ ಖಾಲಿ ಹೋಗುತ್ತದೆ, ತುಂಬಿ ಬರುತ್ತದೆ, ಮತ್ತೆ ಖಾಲಿಯಾಗಿ ಹೋಗುತ್ತದೆ. ಬಣ್ಣ ಮಾಸಿ, ಅಂಚು ಮುರಿದು, ತಂತಿ ಹಾಕಿ ಬಿಗಿದು ಮತ್ತೆ ಬಳಸ್ತಾರೆ. ಆ ಮಾರುಕಟ್ಟೆಯಲ್ಲಿ ಟೊಮೆಟೊ ರಸ್ತೆಗೆ ಚೆಲ್ಲಿದ್ದನ್ನು ನೋಡಿದ್ದೇನೆ. 2023ರ ಜುಲೈನಲ್ಲಿ ಅದೇ ಟೊಮೆಟೊ ಬಾಕ್ಸಿಗೆ 2,000 ರೂಪಾಯಿ ದಾಟಿದ್ದನ್ನೂ ನೋಡಿದ್ದೇನೆ. ಕ್ರೇಟು ಚೆಲ್ಲಿದ್ದನ್ನು ಮಾತ್ರ ಒಮ್ಮೆಯೂ ನೋಡಿಲ್ಲ. ಯಾಕೆ? ಯಾರ ಹತ್ತಿರ ಎಷ್ಟು ಖಾಲಿ ಕ್ರೇಟು ಇದೆ ಅಂತ ಮಂಡಿಯವನ ಪುಸ್ತಕದಲ್ಲಿ ಬರೆದಿರುತ್ತದೆ. ಬರದಿದ್ದರೆ ಲೆಕ್ಕದಲ್ಲಿ ಹಿಡಿಯುತ್ತಾನೆ. ಅಲ್ಲಿ ಯಾವ ಪರಿಸರ ಮಂತ್ರಿಯೂ ಬೇಕಾಗಿಲ್ಲ.

ಮಲ್ಚಿಂಗ್ ಪೇಪರ್ ಹೆಸರಿಗೆ ಪೇಪರ್, ಇರೋದು 25–30 ಮೈಕ್ರಾನ್ ಪ್ಲಾಸ್ಟಿಕ್. ಒಂದು ಬೆಳೆಗೆ ಬಿಸಿಲಲ್ಲಿ ಒಣಗಿ, ಕಿತ್ತರೆ ಹಪ್ಪಳದ ಹಾಗೆ ಮುರಿಯುತ್ತದೆ. ತೂಕದಲ್ಲಿ ಅರ್ಧಕ್ಕೂ ಜಾಸ್ತಿ ಮಣ್ಣು. ತೊಳೆಯೋ ಖರ್ಚೇ ಅದರ ಬೆಲೆಗಿಂತ ಹೆಚ್ಚು. ಗುಜರಿಯವನು ಬೇಡ ಅನ್ನೋದು ಅದಕ್ಕೇ. ಹಾಸೋಕೆ ತೋಟಗಾರಿಕೆ ಇಲಾಖೆಯಿಂದ ಸಹಾಯಧನ ಇದೆ. ಕಳೆ ಬರಲ್ಲ, ನೀರು ಉಳಿಯುತ್ತದೆ, ಹಾಗಾಗಿ ಸಹಾಯಧನ ಸರಿಯೇ. ಕೀಳೋಕೆ, ಸುತ್ತೋಕೆ, ಸಾಗಿಸೋಕೆ? ಒಂದು ರೂಪಾಯಿಯೂ ಇಲ್ಲ. 2022ರ ಫೆಬ್ರವರಿಯಲ್ಲಿ ಬಂದ ಪ್ಲಾಸ್ಟಿಕ್ ಇಪಿಆರ್ ಮಾರ್ಗಸೂಚಿ ಪ್ಯಾಕಿಂಗ್ ಪ್ಲಾಸ್ಟಿಕ್ಕಿಗೆ ಬರೆದದ್ದು. ನಿಮ್ಮ ಹೊಲದಲ್ಲಿ ಹಾಸಿದ್ದು ಪ್ಯಾಕಿಂಗ್ ಅಲ್ಲ. ಕಾನೂನಿನ ಬಲೆಯ ತೂತಿನಲ್ಲಿ ನಿಮ್ಮ ಬದು ಕೂತಿದೆ.

ಫ್ರಾನ್ಸಿನಲ್ಲಿ 2001ರಿಂದ ಅಡಿವಲೋರ್ ಅನ್ನೋ ಸಂಸ್ಥೆ ಇದೆ. ತಯಾರಕರು, ಮಾರುವವರು, ರೈತರು ಸೇರಿ ನಡೆಸೋದು. ಖಾಲಿ ಔಷಧಿ ಡಬ್ಬ, ಹೊಲದ ಪ್ಲಾಸ್ಟಿಕ್ ಎಲ್ಲಾ ಗೊತ್ತಾದ ದಿನ, ಗೊತ್ತಾದ ಜಾಗಕ್ಕೆ ರೈತರೇ ತಂದು ಕೊಡ್ತಾರೆ. ತಯಾರಕರು ಖರ್ಚಿಗೆ ಹಣ ಹಾಕ್ತಾರೆ. ಶ್ರೀನಿವಾಸಪುರದಲ್ಲಿ ಮಾವಿನ ಮಂಡಿಗಳ ಅಂಗಳ ಸುಗ್ಗಿ ಬಿಟ್ಟರೆ ವರ್ಷವೆಲ್ಲಾ ಖಾಲಿ ಇರುತ್ತವೆ. ಜಾಗಕ್ಕಂತೂ ಬರವಿಲ್ಲ.

ಅಲ್ಲಿಯವರೆಗೆ ಒಂದು ಉಪಾಯ. ಬೆಳೆ ಪೂರ್ತಿ ಒಣಗೋಕೆ ಮುಂಚೆ, ಪೇಪರ್ ಇನ್ನೂ ಮೆತ್ತಗಿರುವಾಗ ಕೀಳಿ. ಒಂದು ದಿನ ತಂತಿ ಬೇಲಿಗೆ ಹಾಕಿ ಮಣ್ಣು ಕೊಡವಿ. ಚೆಂಡಿನ ಹಾಗೆ ಸುತ್ತಿ ಚೀಲಕ್ಕೆ ತುಂಬಿ. ನಾಲ್ಕು ಹೊಲದ್ದು ಸೇರಿ ಒಂದು ಟೆಂಪೋ ಲೋಡಾದರೆ ತಗೊಳ್ಳೋರು ಸಿಗಬಹುದು. ಚೂರು ಚೂರು ತಂದರೆ ಯಾರೂ ತಿರುಗಿ ನೋಡಲ್ಲ. ಡ್ರಿಪ್ ಪೈಪು ಬೇರೆ ಇಡಿ, ಅದಕ್ಕೆ ಬೆಲೆ ಇದೆ.

ಕೆ.ಸಿ. ವ್ಯಾಲಿ ನೀರು ನಮ್ಮ ಕೆರೆಗೆ ಬಂದ ಮೇಲೆ ಬೋರ್‌ವೆಲ್‌ನಲ್ಲಿ ನೀರು ಬಂದಿದೆ. ಆದರೂ ಮನೆಯಲ್ಲಿ ಅಮ್ಮ ‘ಅದು ಬೆಂಗಳೂರಿನ ಕಕ್ಕಸ್ಸು ನೀರು, ಮುಟ್ಟಬೇಡ’ ಅಂತಾರೆ. ಯಾರ ಮಾತು ನಂಬೋದು?
ಯುವ ರೈತ, ಕೋಲಾರ ತಾಲ್ಲೂಕು

ಇಬ್ಬರದ್ದೂ ನಂಬಿ. ನಿಮ್ಮ ಬೋರ್‌ವೆಲ್ಲೂ ನಿಜ, ನಿಮ್ಮಮ್ಮನ ಅನುಮಾನವೂ ನಿಜ.

ನಮ್ಮ ಜಿಲ್ಲೆಗೆ ಹರಿಯೋ ನದಿ ಇಲ್ಲ. 1,200–1,500 ಅಡಿ ಕೊರೆದು, ಧೂಳು ಎದ್ದಿದ್ದನ್ನು ನೋಡಿ, ಮಂಕಾಗಿ ಮನೆಗೆ ಹೋದ ರೈತರನ್ನು ನಾನು ಬೀದಿಗೊಬ್ಬರಂತೆ ಕಂಡಿದ್ದೇನೆ. ಸಿಕ್ಕ ನೀರಿನಲ್ಲೂ ಫ್ಲೋರೈಡ್. ಅಂಥಾ ಊರಿಗೆ ದಿನಕ್ಕೆ 44 ಕೋಟಿ ಲೀಟರ್ ಕೊಡ್ತೀವಿ ಅಂತ ಬಂದ ಯೋಜನೆ ಇದು. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಬೆಂಗಳೂರಿನಲ್ಲಿ ಸಂಸ್ಕರಿಸಿ, ಪೈಪಿನಲ್ಲಿ ತಂದು 126 ಕೆರೆ ತುಂಬಿಸೋದು ಗುರಿ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂತು. ಇದೇ ಥರ ಹೆಬ್ಬಾಳ-ನಾಗವಾರ ಕಣಿವೆಯದ್ದು ಚಿಕ್ಕಬಳ್ಳಾಪುರದ ಕಡೆಗೆ, ದಿನಕ್ಕೆ 21 ಕೋಟಿ ಲೀಟರ್.

ಇದರ ಹಿಂದೆ ಬಿದ್ದವರಲ್ಲಿ ಎದ್ದು ಕಾಣೋ ಹೆಸರು ಶ್ರೀನಿವಾಸಪುರದ ಕೆ.ಆರ್. ರಮೇಶ್ ಕುಮಾರ್. ನೀರು ಬಂದಾಗ ವಿಧಾನಸಭೆಯ ಸ್ಪೀಕರ್ ಆಗಿದ್ದವರು. ‘ಕೊಳಚೆ ನೀರು ತಂದರು’ ಅಂತ ಬೈಸಿಕೊಂಡರು, ‘ನೀರು ತಂದರು’ ಅಂತ ಹೊಗಳಿಸಿಕೊಂಡರು. ಎದುರು ನಿಂತವರು ಶಾಶ್ವತ ನೀರಾವರಿ ಹೋರಾಟ ಸಮಿತಿಯ ಆರ್. ಆಂಜನೇಯ ರೆಡ್ಡಿ. ನೀರು ಬಂದು ಹೆಚ್ಚು ದಿನ ಆಗಿರಲಿಲ್ಲ, ಲಕ್ಷ್ಮೀಸಾಗರದಲ್ಲಿ ನೊರೆ ಎದ್ದಿತು. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ಟಿವಿಯಲ್ಲಿ ನೋಡಿದ್ದವರಿಗೆ ಎದೆ ಝಲ್ ಅಂದಿತು. ಕೇಸು ಹೈಕೋರ್ಟಿಗೆ ಹೋಯಿತು, ಜುಲೈನಲ್ಲಿ ತಡೆ ಬಂತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನಿಂದಲೂ ತಡೆ. ಆಮೇಲೆ ನೀರು ಮತ್ತೆ ಹರಿಯಿತು.

ಇಬ್ಬರಲ್ಲಿ ಯಾರು ಸರಿ ಅಂತ ಚಹಾ ಅಂಗಡಿಗಳಲ್ಲಿ ಇನ್ನೂ ಜಗಳ ನಡೀತಿದೆ. ನನ್ನ ಲೆಕ್ಕದಲ್ಲಿ ಒಬ್ಬರು ಇಲ್ಲದಿದ್ದರೆ ನೀರು ಬರುತ್ತಿರಲಿಲ್ಲ. ಇನ್ನೊಬ್ಬರು ಇಲ್ಲದಿದ್ದರೆ ಆ ನೀರನ್ನು ಯಾರೂ ಪರೀಕ್ಷೆ ಮಾಡುತ್ತಿರಲಿಲ್ಲ.

ಈಗ ಅಮ್ಮನ ಪ್ರಶ್ನೆಗೆ. ಕೊಳಚೆ ನೀರನ್ನು ಮೂರು ಹಂತದಲ್ಲಿ ಶುದ್ಧ ಮಾಡ್ತಾರೆ. ಮೊದಲು ಗಟ್ಟಿ ಕಸ, ಮರಳು ತೆಗೆಯೋದು. ಎರಡನೇದರಲ್ಲಿ ಬ್ಯಾಕ್ಟೀರಿಯಾಗಳಿಂದ ಕೊಳಕನ್ನು ತಿನ್ನಿಸೋದು. ಮೂರನೇದರಲ್ಲಿ ಇನ್ನೂ ನುಣ್ಣಗೆ ಸೋಸಿ, ರಂಜಕ-ಸಾರಜನಕ ಇಳಿಸಿ, ರೋಗಾಣು ಕೊಲ್ಲೋದು. ನಮಗೆ ಬರೋದು ಎರಡನೇ ಹಂತ ಮುಗಿಸಿದ ನೀರು. ಮೂರನೇ ಹಂತವೂ ಬೇಕು ಅನ್ನೋದು ಹೋರಾಟಗಾರರ ಪಟ್ಟು. ಸರ್ಕಾರದ ಕಡೆಯವರು ಹೇಳೋದು, ಇದು ಕುಡಿಯೋಕಲ್ಲ, ಕೆರೆಯಲ್ಲಿ ನಿಂತು ಮಣ್ಣಿನಲ್ಲಿ ಇಂಗುವಾಗ ಇನ್ನಷ್ಟು ಸೋಸಿ ಹೋಗುತ್ತದೆ ಅಂತ. ಮಣ್ಣು ಸೋಸುತ್ತದೆ, ನಿಜ. ಎಲ್ಲವನ್ನೂ ಸೋಸಲ್ಲ. ಕರಗಿದ ಉಪ್ಪು, ನೈಟ್ರೇಟು ಮಣ್ಣಿಗೆ ಹೆದರೋ ಪೈಕಿ ಅಲ್ಲ.

ಕೊಳಚೆ ನೀರನ್ನು ಮತ್ತೆ ಬಳಸೋದು ನಾಚಿಕೆಯ ವಿಷಯ ಅಲ್ಲ ಅಂತ ಅಮ್ಮನಿಗೆ ಹೇಳಿ. ನಮೀಬಿಯಾದ ವಿಂಡ್‌ಹುಕ್ ಊರಿನಲ್ಲಿ 1968ರಿಂದ ಸಂಸ್ಕರಿಸಿದ ನೀರನ್ನು ಕುಡಿಯೋ ನೀರಿಗೇ ಸೇರಿಸ್ತಾರೆ. ಸಿಂಗಾಪುರದ ನ್ಯೂವಾಟರ್ 2003ರಿಂದ ಇದೆ. ಆದರೆ ಅವರು ಎರಡನೇ ಹಂತಕ್ಕೆ ನಿಲ್ಲಿಸಿಲ್ಲ. ಸಿಂಗಾಪುರದಲ್ಲಿ ಅದರ ಮೇಲೆ ಮೈಕ್ರೋ ಸೋಸುವಿಕೆ, ಆರ್‌ಒ, ಅತಿನೇರಳೆ ಬೆಳಕು, ಎಲ್ಲಾ ದಾಟಿಸ್ತಾರೆ. ದುಡ್ಡು ಸುರಿದಿದ್ದಾರೆ.

ದುಡ್ಡಿನ ವಿಷಯ ಬಂದಿದ್ದಕ್ಕೆ ಒಂದು ಮಾತು. ಯುರೋಪಿನಲ್ಲಿ ಕೊಳಚೆ ನೀರಿನ ಹೊಸ ಕಾನೂನು 2025ರ ಜನವರಿ 1ರಿಂದ ಜಾರಿಯಲ್ಲಿದೆ. ನೀರಿನಲ್ಲಿ ಉಳಿಯೋ ಔಷಧಿ, ಕ್ರೀಮು, ಶಾಂಪೂಗಳ ಸೂಕ್ಷ್ಮ ಅಂಶ ತೆಗೆಯೋ ನಾಲ್ಕನೇ ಹಂತಕ್ಕೆ ಖರ್ಚಾಗುವುದರಲ್ಲಿ ಕನಿಷ್ಠ ಶೇ 80 ಭಾಗವನ್ನು ಆ ಕಂಪನಿಗಳೇ ಕೊಡಬೇಕು. ಕಂಪನಿಗಳು ಕೋರ್ಟಿಗೆ ಹೋದವು, ಅದು ಬೇರೆ ಮಾತು. ಆದರೆ ಬಿಲ್ಲು ಯಾರ ಹೆಸರಿಗೆ ಅಂತ ಕಾನೂನು ಬರೆಯುವವರು ಮೊದಲೇ ಬರೆದಿಟ್ಟರು. ಬೆಂಗಳೂರಿನಲ್ಲಿ ಸೋಪು ಬಳಸಿದವನು ಒಬ್ಬ, ಕೆರೆಯ ನೊರೆ ನೋಡಿ ನಿದ್ದೆಗೆಟ್ಟವಳು ನಿಮ್ಮಮ್ಮ. ಮೂರನೇ ಹಂತದ ಖರ್ಚನ್ನು ಬೆಂಗಳೂರಿನ ನೀರಿನ ಬಿಲ್ಲಿಗೆ ಸೇರಿಸಿ ಅಂತ ನಮ್ಮ ಶಾಸಕರು ವಿಧಾನಸಭೆಯಲ್ಲಿ ಗಟ್ಟಿಯಾಗಿ ಕೇಳೋದು ನನಗೆ ಕೇಳಿಸಿಲ್ಲ. ಬೆಂಗಳೂರಲ್ಲಿ ವೋಟು ಜಾಸ್ತಿ.

ನೀವು ಮಾಡಬೇಕಾದ್ದು: ಕೆರೆಗೆ ನೇರ ಪಂಪು ಇಡಬೇಡಿ, ಯೋಜನೆ ಇಂಗಿಸೋಕೆ ಇರೋದು. ಬೋರ್‌ವೆಲ್ ನೀರನ್ನು ಮಳೆಗಾಲಕ್ಕೆ ಮುಂಚೆ ಒಮ್ಮೆ, ಆದಮೇಲೆ ಒಮ್ಮೆ ಪರೀಕ್ಷೆ ಮಾಡಿಸಿ. ನೈಟ್ರೇಟ್, ಫ್ಲೋರೈಡ್, ಇ-ಕೊಲೈ ಮೂರನ್ನೂ ಹೆಸರು ಹೇಳಿ ಕೇಳಿ. ವರದಿಯನ್ನು ಪಂಚಾಯಿತಿ ಗೋಡೆಗೆ ಅಂಟಿಸಿ. ಕುಡಿಯೋದಕ್ಕೆ ಬೇಡ.

ನಮ್ಮಲ್ಲಿ ರೇಷ್ಮೆ ಹುಳದ ಹಿಕ್ಕೆ ಗೊಬ್ಬರಕ್ಕೆ, ಕಡ್ಡಿ ಒಲೆಗೆ, ನೂಲು ತೆಗೆದ ಮೇಲೆ ಪ್ಯೂಪಾ ಮೀನು-ಕೋಳಿ ಮೇವಿಗೆ ಹೋಗುತ್ತದೆ. ಇದು ಸರ್ಕ್ಯುಲರ್ ಅಲ್ವಾ?
ರೀಲರ್, ಶಿಡ್ಲಘಟ್ಟ

ಹೌದು. ವಾಸನೆ ಒಂದು ಬಿಟ್ಟು! ಹುಳು ಬೇಯಿಸಿದ ನೀರನ್ನು ಎಲ್ಲಿಗೆ ಬಿಡ್ತೀರಿ ಅಂತ ನೀವು ಬರೆದಿಲ್ಲ. ಮುಂದಿನ ಪತ್ರದಲ್ಲಿ ಬರೆಯಿರಿ.

ಕವರ್ ಕೊಟ್ಟರೆ ನಮಗೆ ದಂಡ. ಕವರ್ ಮಾಡೋ ಫ್ಯಾಕ್ಟರಿಗೆ ಯಾಕಿಲ್ಲ? ನಾನು ಪಾನಿಪೂರಿ ಅಂಗಡಿಯವನು.
ಬಂಗಾರಪೇಟೆ

ಬಂಗಾರಪೇಟೆ ಪಾನಿಪೂರಿಯ ಮೇಲೆ ನನಗೆ ಪಕ್ಷಪಾತ ಇದೆ. ಆ ಬಣ್ಣವಿಲ್ಲದ ಪಾನಿಗೆ ಬೇರೆ ಊರಲ್ಲಿ ಸಾಟಿ ಇಲ್ಲ. ಆದ್ದರಿಂದ ಉತ್ತರ ನಿಮ್ಮ ಪರ ಸ್ವಲ್ಪ ವಾಲಿದರೆ ಉಳಿದವರು ಕ್ಷಮಿಸಬೇಕು.

ಕರ್ನಾಟಕ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಕವರು, ತಟ್ಟೆ, ಲೋಟ, ಚಮಚ, ಫ್ಲೆಕ್ಸು ನಿಷೇಧಿಸಿತು. ದೇಶಕ್ಕೆಲ್ಲ ಒಮ್ಮೆ ಬಳಸಿ ಬಿಸಾಡೋ ಸಾಮಾನಿನ ನಿಷೇಧ ಬಂದದ್ದು 2022ರ ಜುಲೈ 1ಕ್ಕೆ. ಮಾಡೋದೂ ತಪ್ಪು, ಸಾಗಿಸೋದೂ ತಪ್ಪು, ಮಾರೋದೂ ತಪ್ಪು. ಕಾಗದದ ಮೇಲೆ ಫ್ಯಾಕ್ಟರಿಯೂ ಸೇರಿದೆ. ಆದರೆ ದಾಳಿಗೆ ನನ್ನಂಥವರನ್ನು ಕಳಿಸ್ತಾರೆ. ನನ್ನ ವ್ಯಾಪ್ತಿ ಊರ ಗಡಿಯೊಳಗೆ. ಕವರು ಬರೋದು ಹೊರಗಿನಿಂದ, ರಾತ್ರಿ ಲಾರಿಯಲ್ಲಿ. ತಿಂಗಳ ಕೊನೆಗೆ ‘ಎಷ್ಟು ಕೇಸು ಹಾಕಿದಿರಿ’ ಅಂತ ಕೇಳ್ತಾರೆ. ಕೈಗೆ ಸಿಗೋದು ಹೂವಿನವಳು, ಎಳನೀರಿನವನು.

ಒಂದು ಸಲ ಹೂ ಮಾರೋ ಹೆಂಗಸಿನ ಮುಂದಿದ್ದ ಅರ್ಧ ಕೆಜಿ ಕವರು ಹಿಡಿದು ದಂಡ ಹಾಕಿದೆ. ಆಕೆ ಅವತ್ತಿನ ವ್ಯಾಪಾರ ಅಷ್ಟನ್ನೂ ಎಣಿಸಿ ಕೊಟ್ಟಳು. ರಸೀದಿ ಹರಿದುಕೊಟ್ಟೆ. ಆಕೆ ರಸೀದಿಯನ್ನು ಮಡಚಿ ಬಾಳೆ ಎಲೆಯ ಕೆಳಗಿಟ್ಟಳು. ಆಮೇಲೆ ಒಂದು ಮೊಳ ಹೂ ಕತ್ತರಿಸಿ ನನಗೇ ಕೊಟ್ಟಳು. ಬಾಳೆ ಎಲೆಯಲ್ಲಿ ಸುತ್ತಿ. ಅದನ್ನು ಮುಡಿದುಕೊಳ್ಳಲಾಗಲಿಲ್ಲ.

ನಿಮಗೆ ಸಲಹೆ: ದೊನ್ನೆಗೆ ಬನ್ನಿ, ಅಡಿಕೆ ಹಾಳೆ ಬಟ್ಟಲಾದರೂ ಸರಿ. ನಿಂತು ತಿನ್ನೋರಿಗೆ ಸ್ಟೀಲ್ ಬಟ್ಟಲು, ತೊಳೆಯೋಕೆ ಬಿಸಿನೀರು.

ಕೆಜಿಎಫ್ ಸೈನೈಡ್ ದಿಬ್ಬದಿಂದ ಮತ್ತೆ ಚಿನ್ನ ತೆಗೀತಾರಂತೆ. ನಮ್ಮ ಹುಡುಗರಿಗೆ ಕೆಲಸ ಸಿಗುತ್ತಾ?
ನಿವೃತ್ತ ಗಣಿ ಕಾರ್ಮಿಕರ ಮಗ, ರಾಬರ್ಟ್‌ಸನ್‌ಪೇಟೆ

ಕೆಲಸದ ಮಾತು ನನ್ನ ಕೈಯಲ್ಲಿಲ್ಲ. ಗೊತ್ತಿರೋದು ಹೇಳ್ತೀನಿ. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ನೂರು ವರ್ಷಕ್ಕೂ ಮೇಲೆ ಅದಿರು ಅರೆದು, ಸೈನೈಡಿನಲ್ಲಿ ಚಿನ್ನ ತೆಗೆದು, ಉಳಿದ ಪುಡಿಯನ್ನು ಊರ ಪಕ್ಕ ಸುರಿದರು. 13 ದಿಬ್ಬ, ಸುಮಾರು 3.3 ಕೋಟಿ ಟನ್. ಹಳೇ ಕಾಲದ ವಿಧಾನದಲ್ಲಿ ಸಿಗದೆ ಉಳಿದ ಚಿನ್ನ ಅದರಲ್ಲಿದೆ. 2024ರ ಜೂನ್‌ನಲ್ಲಿ ಅದನ್ನು ಮತ್ತೆ ಸಂಸ್ಕರಿಸೋ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಂಪುಟ ಒಪ್ಪಿತು.

ಕಸದಿಂದ ಚಿನ್ನ ಅನ್ನೋ ಮಾತು ಭಾಷಣಗಳಲ್ಲಿ ಕೇಳಿ ಕೇಳಿ ಸಾಕಾಗಿದೆ. ಇಲ್ಲಿ ಅದು ಅಕ್ಷರಶಃ ನಿಜ. ಆದರೆ ನೀವು ಕೇಳಬೇಕಾದ ಪ್ರಶ್ನೆ ಚಿನ್ನ ತೆಗೆದ ಮೇಲಿನದು. 3.3 ಕೋಟಿ ಟನ್ನಿನಲ್ಲಿ ಚಿನ್ನ ಕೆಲವು ಟನ್. ಉಳಿದ ಪುಡಿ ಎಲ್ಲಿಗೆ? ಗಾಳಿ ಕಾಲದಲ್ಲಿ ಆ ಬೂದು ಧೂಳು ತಟ್ಟೆಯ ಅನ್ನಕ್ಕೆ ಬೀಳೋದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ದಿಬ್ಬ ಅಗೆಯೋದಕ್ಕೆ ಕೈ ಹಾಕುವವರು ಧೂಳಿಗೆ ಏನು ಮಾಡ್ತಾರೆ ಅಂತ ಪರಿಸರ ಸಾರ್ವಜನಿಕ ಅಹವಾಲು ಸಭೆಯಲ್ಲಿ ಕೇಳಿ. ಉತ್ತರವನ್ನು ನಡಾವಳಿಯಲ್ಲಿ ಬರೆಸಿ. ಬರೆಸದಿದ್ದರೆ ಕೇಳಿದ ಹಾಗೆ ಆಗಲ್ಲ.

ನಾನು ಗ್ರಾಮ ಪಂಚಾಯಿತಿ ಸದಸ್ಯೆ. ಒಣ ಕಸದ ಘಟಕ ಕಟ್ಟಿದ್ದೇವೆ, ಗಾಡಿಯನ್ನು ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ ಓಡಿಸ್ತಾರೆ. ಸಭೆಯಲ್ಲಿ ಪಿಡಿಒಗೆ ಏನು ಕೇಳಬೇಕು?
ಚಿಂತಾಮಣಿ ತಾಲ್ಲೂಕು

ಮಾರಾಟದ ರಿಜಿಸ್ಟರ್ ಕೇಳಿ. ಎಷ್ಟು ಕೆಜಿ ರಟ್ಟು, ಎಷ್ಟು ಬಾಟಲಿ, ಯಾರಿಗೆ ಮಾರಿದ್ದು, ಕೆಜಿಗೆ ಎಷ್ಟು. ಸಂಗ್ರಹದ ರಿಜಿಸ್ಟರ್ ಎಲ್ಲಾ ಕಡೆ ಇರುತ್ತದೆ. ಮಾರಾಟದ್ದು ಕೇಳಿದರೆ ಮೌನ. ಘಟಕದ ಹಿಂದೆ ಹೋಗಿ ನೋಡಿದರೆ ಉತ್ತರ ಗುಡ್ಡೆಯಾಗಿ ಬಿದ್ದಿರುತ್ತದೆ.

ದೊಡ್ಡವರ ಮಟ್ಟದಲ್ಲೂ ಇದೇ ಕಥೆ. ಪ್ಲಾಸ್ಟಿಕ್ ಮರುಬಳಕೆ ಮಾಡಿದ್ದೀವಿ ಅಂತ ಕೊಡೋ ಇಪಿಆರ್ ಸರ್ಟಿಫಿಕೇಟುಗಳಲ್ಲಿ ಸುಮಾರು 6 ಲಕ್ಷ ನಕಲಿ ಅಂತ 2023ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹಿಡಿಯಿತು. ಕಾಗದ ಸುತ್ತು ಹೊಡೆಯಿತು, ಪ್ಲಾಸ್ಟಿಕ್ ಇದ್ದಲ್ಲೇ ಇತ್ತು.

ಮತ್ತೊಂದು: ಗಾಡಿ ಓಡಿಸೋ ಹೆಣ್ಣುಮಕ್ಕಳಿಗೆ ಸಂಬಳ ಎಷ್ಟು ತಿಂಗಳಿಂದ ಬಾಕಿ ಇದೆ ಅಂತ ಕೇಳಿ. ಇದನ್ನು ಮೊದಲು ಕೇಳಿ, ರಿಜಿಸ್ಟರ್ ಆಮೇಲೆ.

(ಪ್ರಶ್ನೆ ಬರೆದಿಲ್ಲ. ಲಕೋಟೆಯಲ್ಲಿ ಒಂದು ಖಾಲಿ ಚಿಪ್ಸ್ ಪೊಟ್ಟಣ, ಜೊತೆಗೆ ಚೀಟಿ: ‘ಇದು ಯಾವ ಡಬ್ಬಕ್ಕೆ?’)
ಏಳನೇ ತರಗತಿ, ಗೌರಿಬಿದನೂರು

ಮಗೂ, ಒಣ ಕಸದ ಡಬ್ಬಕ್ಕೆ. ಆದರೆ ಅಲ್ಲಿಂದ ಮುಂದೆ ಇದನ್ನು ಕೊಳ್ಳೋರು ಇಲ್ಲ. ಬೆಳ್ಳಿ ಥರ ಹೊಳೆಯೋ ಪದರ, ಪ್ಲಾಸ್ಟಿಕ್ ಪದರ ಎಲ್ಲಾ ಅಂಟಿಸಿ ಮಾಡಿರ್ತಾರೆ, ಬಿಡಿಸೋಕೆ ಆಗಲ್ಲ. ಹೆಚ್ಚಿನವು ಸಿಮೆಂಟ್ ಫ್ಯಾಕ್ಟರಿಯ ಕುಲುಮೆಗೆ ಹೋಗ್ತವೆ, ಅದೂ ಅಲ್ಲಿಯವರೆಗೆ ತಲುಪಿದರೆ. ವಾಪಸ್ ತರಿಸೋದು ಕಂಪನಿಯ ಹೊಣೆ ಅಂತ 2022ರ ನಿಯಮ ಹೇಳುತ್ತದೆ. ಕಂಪನಿಯ ವಿಳಾಸ ಪೊಟ್ಟಣದ ಹಿಂದೆಯೇ ಇದೆ. ಸಣ್ಣ ಅಕ್ಷರ, ನಾನು ಭೂತಗನ್ನಡಿ ಇಟ್ಟು ಓದಿದೆ.

ಪೊಟ್ಟಣದ ಬೆಲೆ 5 ರೂಪಾಯಿ. ನೀನು ಲಕೋಟೆಗೆ ಅಂಟಿಸಿದ ಸ್ಟಾಂಪೂ 5 ರೂಪಾಯಿಯದ್ದೇ. ನಾಳೆ ನಾನು ಇನ್ನೊಂದು 5 ರೂಪಾಯಿ ಸ್ಟಾಂಪ್ ಅಂಟಿಸಿ ಆ ವಿಳಾಸಕ್ಕೆ ಕಳಿಸ್ತೀನಿ. ಏನಾದರೂ ಉತ್ತರ ಬಂದರೆ ಮುಂದಿನ ತಿಂಗಳು ಇಲ್ಲೇ ಹಾಕ್ತೀನಿ.